ಶುಕ್ರವಾರ ರಾತ್ರಿಯ ಹಡಗು

ವಿನೋದಾ ಚಿಕ್ಕಮ್ಮನ ಬಾಯಲ್ಲಿ ಎರಡು ಹೇರ್‌ಪಿನ್ನು, ಕೈಯಲ್ಲಿ ಕುಸುಮಳ ಅರ್ಧ ಹೆಣೆದ ಜಡೆ. ಕುಸುಮಳ ಮಡಿಲಲ್ಲಿ ಒಂದು ಫುಲ್‌ಸ್ಕೇಪ್ ಹಾಳೆ, ಕೈಯಲ್ಲಿ ಪೆನ್ಸಿಲು.

"ತಲೆ ನೆಟ್ಟಗೆ ಇಡು," ಎಂದಳು ಚಿಕ್ಕಮ್ಮ, ಪಿನ್ನು ಕಚ್ಚಿಕೊಂಡೇ.

"ತಲೆ ಬಗ್ಗಿಸಿ ಬರೆ," ಎಂದರು ದೊಡ್ಡಮಾವ, ಆರಾಮಕುರ್ಚಿಯಿಂದ.

ಒಂದೇ ತಲೆಗೆ ಎರಡು ಅಪ್ಪಣೆ. ಹತ್ತು ವರ್ಷದ ಕುಸುಮ ತಲೆಯನ್ನು ನೆಟ್ಟಗೆ ಇಟ್ಟು, ಕಣ್ಣನ್ನು ಮಾತ್ರ ಬಗ್ಗಿಸಿ, ಇಬ್ಬರ ಮಾತನ್ನೂ ಅರ್ಧರ್ಧ ಕೇಳಿದಳು. ಅಕ್ಷರ ಮಾತ್ರ ಸೊಟ್ಟಗಾಗಲಿಲ್ಲ. ನರಿಕೊಂಬಿನ ಶಾಲೆಯ ಐದನೆಯ ಕ್ಲಾಸಿನಲ್ಲಿ ಅವಳಷ್ಟು ಚಂದದ ಅಕ್ಷರ ಇನ್ನೊಬ್ಬರದ್ದಿರಲಿಲ್ಲ. ಅದೇ ಅವಳ ಗ್ರಹಚಾರ. ಮನೆಯಲ್ಲಿ ಬರೆಯುವ ಕೆಲಸವೆಲ್ಲ ಅವಳ ಪಾಲಿಗೆ ಬರುತ್ತಿತ್ತು.

ದೊಡ್ಡಮಾವ ಮುಂಡಪ್ಪ ಶೆಟ್ಟರು ಊರಿನ ಪಟೇಲರು. ಯೋಚಿಸುವುದು ದೊಡ್ಡವರ ಕೆಲಸ, ಬರೆಯುವುದು ಸಣ್ಣವರ ಕೆಲಸ ಎಂದು ಅವರ ಅಭಿಪ್ರಾಯ. ಈಗ ಅವರು ಬಹಳ ದೊಡ್ಡ ಯೋಚನೆಯಲ್ಲಿದ್ದರು. ತಮ್ಮ ಕೊನೆಯ ತಂಗಿ ವಿನೋದಾಳನ್ನು ಬೊಂಬಾಯಿಯ ಹಡಗಿಗೆ ಹತ್ತಿಸಲು ಒಂದು ಟೈಂಟೇಬಲ್ ಮಾಡುತ್ತಿದ್ದರು.

"ಮೇಲೆ ದೊಡ್ಡದಾಗಿ ಬರೆ. ಶುಕ್ರವಾರ. ಕೆಳಗೆ ಗೆರೆ ಎಳೆ."

ಕುಸುಮ ಬರೆದಳು. ಗೆರೆ ಎಳೆದಳು.

ಹತ್ತು ಮುಕ್ಕಾಲಕ್ಕೆ ಮನೆಯಿಂದ ಹೊರಡುವುದು. ಹನ್ನೊಂದೂವರೆಗೆ ಪಾಣೆಮಂಗಳೂರು. ಹನ್ನೊಂದೂವರೆಯಿಂದ ಒಂದರವರೆಗೆ ಬಸ್ಸು ಕಾಯುವುದು.

ಒಂದು ಗಂಟೆಯ ಬಸ್ಸಿಗೆ ಅಷ್ಟು ಮುಂಚೆ ಯಾಕೆ ಎಂದು ಕುಸುಮ ಕೇಳಿದಳು. ಬಸ್ಸು ಬೇಗ ಬಂದುಬಿಟ್ಟರೆ ಎಂದರು ಮಾವ. ಆ ಬಸ್ಸು ಬೇಗ ಬಂದದ್ದನ್ನು ಪಾಣೆಮಂಗಳೂರಿನಲ್ಲಿ ಇದುವರೆಗೆ ಯಾರೂ ನೋಡಿದ್ದಿಲ್ಲ. ಆದರೆ ಬುದ್ಧಿವಂತರು ಎಲ್ಲದಕ್ಕೂ ತಯಾರಿರಬೇಕು.

ಎರಡೂವರೆಗೆ ಮಂಗಳೂರು. ಎರಡೂವರೆಯಿಂದ ಮೂರು, ಎಳನೀರು. ಮೂರರಿಂದ ಏಳು, ವಿಶ್ರಾಂತಿ. ಎಂಟಕ್ಕೆ ಸರಿಯಾಗಿ ಬಂದರಿನಲ್ಲಿ.

ಈ ಗಂಟೆಗಳೆಲ್ಲ ಮಾವನ ಕಿಸೆಯ ಗಡಿಯಾರದ ಗಂಟೆಗಳು. ಆ ಗಡಿಯಾರ ಇಪ್ಪತ್ತು ನಿಮಿಷ ಮುಂದೆ ಓಡುತ್ತಿತ್ತು. ಅದು ಮಾವನಿಗೂ ಗೊತ್ತಿತ್ತು. ಸರಿ ಮಾಡಿಸಿ ಎಂದರೆ, ಹಿಂದೆ ಇರುವುದಕ್ಕಿಂತ ಮುಂದೆ ಇರುವುದು ಒಳ್ಳೆಯದಲ್ಲವಾ ಎನ್ನುತ್ತಿದ್ದರು.

ಕೊನೆಗೆ ಸಾಮಾನಿನ ಪಟ್ಟಿ. ಟ್ರಂಕು ಒಂದು. ಹಾಸಿಗೆ ಸುತ್ತುವ ಹೋಲ್ಡಾಲು ಒಂದು. ತಿಂಡಿಯ ಬುಟ್ಟಿ ಒಂದು. ಉಪ್ಪಿನಕಾಯಿಯ ಭರಣಿ ಒಂದು. ಮಾವ ಸ್ವಲ್ಪ ಯೋಚಿಸಿ, ಮರೆತುಹೋಗಿದ್ದನ್ನು ಸೇರಿಸಿದರು. ವಿನೋದಾ ಒಂದು.

ಚಿಕ್ಕಮ್ಮನ ಬೆರಳು ಜಡೆಯಲ್ಲಿ ಒಂದು ಕ್ಷಣ ನಿಂತಿತು. ಮತ್ತೆ ಹೆಣೆಯತೊಡಗಿತು.

"ಬರೆದೆಯಾ?" ಎಂದು ಕೇಳಿದರು ಮಾವ.

"ಬರೆದೆ ಮಾವ. ಉಪ್ಪಿನಕಾಯಿಯ ಕೆಳಗೆ."

ಹಾಳೆಯನ್ನು ಚಾವಡಿಯ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಲಾಯಿತು. ಅದು ಸೋಮವಾರ.

*

ವಿನೋದಾ ಚಿಕ್ಕಮ್ಮನಿಗೆ ಮದುವೆಯಾಗಿ ಒಂದು ವರ್ಷವಾಗಿತ್ತು. ಗಂಡ ನಿತ್ಯಾನಂದ ಮದುವೆಯಾದ ಹತ್ತನೆಯ ದಿವಸ ಬೊಂಬಾಯಿಗೆ ಹೋದವನು, ಹೋಟೆಲಿನ ಕೆಲಸದ ನಡುವೆ ವರ್ಷವಿಡೀ ಒಂದು ಕೋಣೆ ಹುಡುಕಿದ್ದ. ಈಗ ಸಿಕ್ಕಿತ್ತು. ಮಳೆಗಾಲಕ್ಕೆ ಮುಂಚಿನ ಕೊನೆಯ ಹಡಗಿಗೆ ಅವಳನ್ನು ಹತ್ತಿಸಿ ಎಂದು ಕಾಗದ ಬರೆದಿದ್ದ.

ಈ ಹಡಗು ತಪ್ಪಿದರೆ ಇನ್ನು ನಾಲ್ಕು ತಿಂಗಳು ಹಡಗಿಲ್ಲ. ಸಮುದ್ರ ಕೆರಳಿದ ಮೇಲೆ ಮಂಗಳೂರಿನಲ್ಲಿ ನದಿ ಸಮುದ್ರ ಸೇರುವ ಅಳಿವೆಯನ್ನು ದಾಟಿ ಯಾವ ದೋಣಿಯೂ ಹೋಗುವುದಿಲ್ಲ. ಹಡಗು ದೂರದಲ್ಲಿ ನಿಲ್ಲುತ್ತದೆ, ಜನರನ್ನು ದೋಣಿಯಲ್ಲಿ ತುಂಬಿಸಿ ಅಲ್ಲಿಗೆ ಮುಟ್ಟಿಸಬೇಕು.

ಟಿಕೇಟಿನ ವ್ಯವಸ್ಥೆ ಮಾಡಿದವರು ಪಾಣೆಮಂಗಳೂರಿನ ಅಂಗಡಿಯ ಮೊಯಿದಿನಬ್ಬ. ಅವರ ತಂಗಿಯ ಮಗ ಅಬ್ದುಲ್ ಹಕೀಂ ಬಂದರಿನಲ್ಲಿ ಅದೇ ದೋಣಿಯ ಕೆಲಸದಲ್ಲಿದ್ದ. ಟಿಕೇಟು ಅವನ ಹತ್ತಿರವೇ ಇತ್ತು. ಆದಿತ್ಯವಾರ ಮೊಯಿದಿನಬ್ಬ ಖುದ್ದು ಬಂದು, ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಹಡಗು, ಎಂಟಕ್ಕೆ ಬಂದರಿನಲ್ಲಿ ಇರಬೇಕು, ಆಮೇಲೆ ಅಳಿವೆಯಲ್ಲಿ ನೀರು ಇಳಿಯುತ್ತದೆ, ದೋಣಿ ಯಾರಿಗೂ ಕಾಯುವುದಿಲ್ಲ ಎಂದು ಎರಡೆರಡು ಸಲ ಹೇಳಿ, ಒಂದು ಲೋಟ ಬೆಲ್ಲದ ನೀರು ಕುಡಿದು ಹೋಗಿದ್ದರು.

ಮಾವ ಅದನ್ನು ಟೈಂಟೇಬಲ್ ಮಾಡಿಸಿದರು. ಅವರ ಮಟ್ಟಿಗೆ ಬಾಯಿಯಿಂದ ಬಂದ ಮಾತು ಇನ್ನೂ ಮಾತಲ್ಲ. ಯಾರು ಏನು ಹೇಳಿದರೂ ಅವರದು ಒಂದೇ ಪ್ರಶ್ನೆ: "ಕಾಗದದಲ್ಲಿ ಉಂಟಾ?"

ಹಿಂದಿನ ವರ್ಷ ನೆರೆಮನೆಯ ಚಿನ್ನಯ್ಯ ತೀರಿಕೊಂಡಿದ್ದಾನೆಂದು ಯಾವುದೋ ಲಿಸ್ಟಿನಲ್ಲಿ ತಪ್ಪಾಗಿ ಬಂದಿತ್ತು. ಚಿನ್ನಯ್ಯ ಚಾವಡಿಗೆ ಬಂದು, ನಾನು ಇಲ್ಲೇ ಇದ್ದೇನಲ್ಲ ಪಟೇಲರೇ ಎಂದ. ಮಾವ ಅವನನ್ನು ಮೇಲಿನಿಂದ ಕೆಳಗೆ ನೋಡಿ, ಅದು ಕಾಗದದಲ್ಲಿ ಉಂಟಾ ಎಂದು ಕೇಳಿದರು. ಪಾಪ ಚಿನ್ನಯ್ಯ ಜೀವ ಇದೆ ಎಂದು ಕಾಗದ ತರಲು ಬಂಟ್ವಾಳಕ್ಕೆ ಮೂರು ಸಲ ನಡೆದ. ಸತ್ತವನಿಗೆ ಅಷ್ಟು ನಡೆಯಲಿಕ್ಕೆ ಆಗುತ್ತದಾ ಎಂದು ಮಾವನಿಗೆ ಹೊಳೆಯಲೇ ಇಲ್ಲ.

ಟೈಂಟೇಬಲ್ ಗೋಡೆಗೆ ಏರಿದ ಮೇಲೆ ಚಿಕ್ಕಮ್ಮನನ್ನು ಯಾರೂ ಏನೂ ಕೇಳಲಿಲ್ಲ. ಅವಳು ಅಂಗಳದಲ್ಲಿ ಮನೆ ಕಟ್ಟುತ್ತಿದ್ದಳು.

ಕೋಣೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಒಂದು ಕಿಟಕಿ ಉಂಟು ಎಂದು ನಿತ್ಯಾನಂದ ಬರೆದಿದ್ದ. ಚಿಕ್ಕಮ್ಮ ಬಚ್ಚಲೊಲೆಯ ಬೂದಿಯಿಂದ ಅಂಗಳದ ಮೂಲೆಯಲ್ಲಿ ಗೆರೆ ಎಳೆದು ಆ ಕೋಣೆಯನ್ನು ಮಾಡಿದ್ದಳು. ಅಡಿ ಎಂದರೆ ಪಾದವಲ್ಲವೇ. ತನ್ನ ಪಾದದಿಂದಲೇ ಅಳೆದಿದ್ದಳು. ಅವಳ ಪಾದ ಸಣ್ಣದು. ಹಾಗಾಗಿ ಬೊಂಬಾಯಿಯ ಕೋಣೆಯೂ ಸಣ್ಣದಾಯಿತು.

ಸ್ಕೇಲಿನ ಅಡಿ ಇದಕ್ಕಿಂತ ದೊಡ್ಡದು ಎಂದು ಕುಸುಮ ಹೇಳಿದಾಗ ಚಿಕ್ಕಮ್ಮ ಅಳಿಸಲಿಲ್ಲ. "ಇರಲಿ ಬಿಡು. ಅಲ್ಲಿಗೆ ಹೋಗುವಾಗ ಮನೆ ದೊಡ್ಡದಾಗ್ತದಲ್ಲ," ಎಂದಳು.

ಒಂದು ಕಲ್ಲು ಒಲೆ. ಒಂದು ತೆಂಗಿನ ಗೆರಟೆ ನೀರಿನ ಕೊಡ. ಗೆರೆ ಬಿಟ್ಟ ಜಾಗ ಬಾಗಿಲು. ಚಿಕ್ಕಮ್ಮ ಮತ್ತು ಕುಸುಮ ಬಾಗಿಲಿನಿಂದಲೇ ಒಳಗೆ ಹೋಗುತ್ತಿದ್ದರು. ಕೋಳಿಗಳು ಗೋಡೆ ಹಾರಿ ಬರುತ್ತಿದ್ದವು. ದೊಡ್ಡಮಾವ ಗೋಡೆಯನ್ನು ತುಳಿದುಕೊಂಡೇ ಬರುತ್ತಿದ್ದರು. ದಿನಕ್ಕೆ ನಾಲ್ಕು ಸಲ ಅವರ ಮೆಟ್ಟು ಬೊಂಬಾಯಿಯ ಗೋಡೆಯನ್ನು ಕೆಡವುತ್ತಿತ್ತು. ಚಿಕ್ಕಮ್ಮ ಮತ್ತೆ ಬೂದಿ ತಂದು ಕಟ್ಟುತ್ತಿದ್ದಳು.

*

ಗುರುವಾರ ಬೆಳಿಗ್ಗೆ ಹತ್ತಕ್ಕೆ ಕುಸುಮ ಮೊಯಿದಿನಬ್ಬರ ಮನೆಗೆ ಹೋಗಿ ಹೋಲ್ಡಾಲು ತರಬೇಕಿತ್ತು. ಅದನ್ನೂ ಮಾವನೇ ಗೊತ್ತು ಮಾಡಿದ್ದರು.

ಆ ಮನೆಯ ರುಕಿಯಾ ಕುಸುಮಳ ಕ್ಲಾಸಿನವಳು. ಮೊಯಿದಿನಬ್ಬರ ಮೊಮ್ಮಗಳು. ಬೇಸಗೆ ರಜೆ ಶುರುವಾದ ಮೇಲೆ ಇಬ್ಬರೂ ಸಿಕ್ಕಿರಲಿಲ್ಲ. ಕುಸುಮ ಲಂಗದ ಚುಂಗಿನಲ್ಲಿ ಐದು ಕಲ್ಲು ಕಟ್ಟಿಕೊಂಡೇ ಹೋಗಿದ್ದಳು.

ಆದರೆ ರುಕಿಯಾಳ ಕೈಯಲ್ಲಿ ಪೊರಕೆ ಇತ್ತು. ಜಗಲಿಯೆಲ್ಲ ನೀರು.

"ಇವತ್ತು ಆಡ್ಲಿಕ್ಕೆ ಆಗುವುದಿಲ್ಲ ಮಾರಾಯ್ತಿ. ಶುಕ್ರವಾರ ರಾತ್ರಿ ಅಲ್ಲವಾ, ಮನೆಯೆಲ್ಲ ತೊಳೆಯಬೇಕು."

"ಶುಕ್ರವಾರ ನಾಳೆ," ಎಂದಳು ಕುಸುಮ.

"ಶುಕ್ರವಾರ ನಾಳೆಯೇ. ಶುಕ್ರವಾರ ರಾತ್ರಿ ಇವತ್ತು."

ಕುಸುಮಳಿಗೆ ನಗು ಬಂತು. ರುಕಿಯಾ ಲೆಕ್ಕದಲ್ಲಿ ಹಿಂದೆ ಎಂದು ಗೊತ್ತಿತ್ತು. ವಾರದಲ್ಲೂ ಹಿಂದೆ ಎಂದು ಗೊತ್ತಿರಲಿಲ್ಲ. ಹಗಲಾದ ಮೇಲೆ ರಾತ್ರಿ, ಇಷ್ಟೂ ಗೊತ್ತಿಲ್ಲವಾ ಎಂದು ಕೇಳಿದಳು.

ರುಕಿಯಾ ಪೊರಕೆ ಊರಿ ನಿಂತು, ಮಾಸ್ತರರ ಹಾಗೆ ವಿವರಿಸಿದಳು. "ಅದು ನಿಮ್ಮಲ್ಲಿ. ನಮ್ಮಲ್ಲಿ ರಾತ್ರಿ ಮೊದಲು ಬರ್ತದೆ, ಹಗಲು ಆಮೇಲೆ. ಸೂರ್ಯ ಮುಳುಗಿದ ಕೂಡಲೇ ಮರುದಿವಸ ಶುರು. ಇವತ್ತು ಸೂರ್ಯ ಮುಳುಗಿದರೆ ಶುಕ್ರವಾರ ರಾತ್ರಿ. ನಾಳೆ ಮುಳುಗಿದರೆ ಶನಿವಾರ ರಾತ್ರಿ."

ಕುಸುಮ ಯೋಚಿಸಿದಳು. ರಾತ್ರಿ ಹನ್ನೆರಡಕ್ಕೆ ದಿನ ಶುರು ಎಂದು ಶಾಲೆಯಲ್ಲಿ ಹೇಳಿದ್ದರು. ಮನೆಯಲ್ಲಿ ಕೋಳಿ ಕೂಗಿದಾಗ ಶುರು. ಇಲ್ಲಿ ಸೂರ್ಯ ಮುಳುಗಿದಾಗ. ಒಂದು ದಿನ ಎಷ್ಟು ಕಡೆಯಿಂದ ಶುರುವಾಗುತ್ತದಪ್ಪ ಎಂದುಕೊಳ್ಳುವಷ್ಟರಲ್ಲಿ ಅವಳಿಗೆ ಗೋಡೆಯ ಮೇಲಿನ ಟೈಂಟೇಬಲ್ ನೆನಪಾಯಿತು.

"ರುಕಿಯಾ, ನಿನ್ನ ಅಜ್ಜನೂ ಹಾಗೆಯೇ ಹೇಳುವುದಾ?"

"ಅಜ್ಜ ಮತ್ತೆ ಹೇಗೆ ಹೇಳುವುದು?"

ಒಳಗಿನಿಂದ ರುಕಿಯಾಳ ತಾಯಿ ನಫೀಸಮ್ಮ ಸುತ್ತಿ ಕಟ್ಟಿದ ಹೋಲ್ಡಾಲು ತಂದುಕೊಟ್ಟರು. ಹಡಗಿನಲ್ಲಿ ತಲೆ ತಿರುಗಿದರೆ ಮೂಸಿ ನೋಡಲಿ ಎಂದು ನಾಲ್ಕು ಲಿಂಬೆಹಣ್ಣನ್ನೂ ಕೊಟ್ಟರು. ಅಜ್ಜ ಎಲ್ಲಿ ಎಂದು ಕುಸುಮ ಕೇಳಿದಳು. ಬಂಟ್ವಾಳ ಪೇಟೆಗೆ ಹೋಗಿದ್ದಾರೆ, ಸಂಜೆಗೆ ಬರುತ್ತಾರೆ ಎಂದರು.

*

ಹೋಲ್ಡಾಲು ಹೊತ್ತುಕೊಂಡು ಕುಸುಮ ಓಡಲಿಲ್ಲ. ಓಡಬೇಕಿತ್ತು. ಅವಳಿಗೆ ಗೊತ್ತಿತ್ತು.

ಅವಳು ನೇತ್ರಾವತಿಯ ದಂಡೆಯ ಮೆಟ್ಟಿಲಿನಲ್ಲಿ ಹೋಲ್ಡಾಲು ಇಳಿಸಿ, ಅದರ ಮೇಲೆ ಕುಳಿತಳು. ನದಿಯಲ್ಲಿ ನೀರು ಕಡಿಮೆಯಿತ್ತು. ನಡುವಿನ ಮರಳದಿಬ್ಬದ ಮೇಲೆ ಕೊಕ್ಕರೆ ಒಂದೇ ಕಾಲಿನಲ್ಲಿ ನಿಂತಿತ್ತು.

ತಾನು ಏನೂ ಹೇಳದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ನಾಳೆ ಹತ್ತು ಮುಕ್ಕಾಲಕ್ಕೆ ಸರಿಯಾಗಿ ಎಲ್ಲರೂ ಹೊರಡುತ್ತಾರೆ. ಎಳನೀರು ಕುಡಿಯುತ್ತಾರೆ. ವಿಶ್ರಾಂತಿ ತೆಗೆದುಕೊಳ್ಳುತ್ತಾರೆ. ಎಂಟಕ್ಕೆ ಬಂದರಿಗೆ ಹೋಗುತ್ತಾರೆ. ಹಡಗು ಆಗ ಎಷ್ಟೋ ದೂರದ ಸಮುದ್ರದಲ್ಲಿರುತ್ತದೆ. ಚಿಕ್ಕಮ್ಮ ಟ್ರಂಕಿನ ಜೊತೆ ವಾಪಸು ಬರುತ್ತಾಳೆ.

ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್. ನಾಲ್ಕು ತಿಂಗಳು ಜಡೆ ಹಾಕಲು ಚಿಕ್ಕಮ್ಮ ಇರುತ್ತಾಳೆ. ಅಮ್ಮ ಜಡೆ ಹಾಕಿದರೆ ಕಣ್ಣಿನ ಹುಬ್ಬು ಹಣೆಗೆ ಏರುತ್ತದೆ. ಮಳೆ ಹೊಡೆಯುವಾಗ ಒಂದೇ ಚಾಪೆಯಲ್ಲಿ ಮಲಗಿ ಕತೆ ಹೇಳಲು ಚಿಕ್ಕಮ್ಮ ಇರುತ್ತಾಳೆ.

ಇದರಲ್ಲಿ ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ. ಯಾರೂ ಅವಳನ್ನು ಏನೂ ಕೇಳಿಯೇ ಇಲ್ಲ. ಕೇಳದೆ ಮಾತಾಡುವುದು ಅಧಿಕಪ್ರಸಂಗ ಎಂದು ದೊಡ್ಡಮಾವನೇ ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಇವತ್ತು ಅವರ ಮಾತು ಕೇಳಿ ಒಳ್ಳೆಯ ಹುಡುಗಿಯಾಗಿ ಇರುವುದೇ ಸರಿ.

ಹೀಗೆ ಅವಳು ಬಹಳ ಹೊತ್ತು ಒಳ್ಳೆಯ ಹುಡುಗಿಯಾಗಿ ಕುಳಿತಳು. ಕೊಕ್ಕರೆ ಕಾಲು ಬದಲಿಸಿತು. ಕುಸುಮಳಿಗೆ ಮಾತ್ರ ಒಳ್ಳೆಯವಳಾದ ಹಾಗೆ ಅನಿಸಲೇ ಇಲ್ಲ.

*

ಮನೆಗೆ ಬಂದಾಗ ಊಟದ ಹೊತ್ತು ಮೀರಿತ್ತು. ಅಂಗಳದಲ್ಲಿ ಚಿಕ್ಕಮ್ಮ ಬೂದಿಯ ಕೋಣೆಯೊಳಗೆ ಮಂಡಿಯೂರಿ ಕುಳಿತಿದ್ದಳು. ಒಲೆಯ ಕಲ್ಲನ್ನು ಬಾಗಿಲಿನ ಹತ್ತಿರದಿಂದ ಕಿಟಕಿಯ ಹತ್ತಿರಕ್ಕೆ ಸರಿಸಿದ್ದಳು. ಹೊಗೆ ಹೋಗಬೇಕಲ್ಲ. ಹಳೆಯ ಒಲೆಯ ಜಾಗದಲ್ಲಿ ಈಗ ಉದ್ದಕ್ಕೆ ಎರಡು ಗೆರೆ ಎಳೆಯುತ್ತಿದ್ದಳು.

"ಇದು ಎಂತ ಚಿಕ್ಕಮ್ಮ?"

"ಇದು ನಿನಗೆ. ರಜೆಯಲ್ಲಿ ಬಂದರೆ ಮಲಗಲಿಕ್ಕೆ ಜಾಗ ಬೇಡವಾ? ಇಷ್ಟು ದಿವಸದಿಂದ ನೋಡ್ತೇನೆ, ಒಲೆ ಅಡ್ಡ ಬರ್ತಿತ್ತು." ಅವಳು ತಲೆಯೆತ್ತಿದಳು. "ಮಲಗಿ ನೋಡು, ಕಾಲು ಗೋಡೆಗೆ ತಾಗ್ತದಾ ಅಂತ."

ಕುಸುಮ ಮಲಗಲಿಲ್ಲ. ಹೋಲ್ಡಾಲನ್ನು ಅಲ್ಲೇ ಹಾಕಿ, ಒಳಗೆ ಓಡಿದಳು. ಬಾಗಿಲನ್ನೂ ಮರೆತು ಗೋಡೆಯ ಮೇಲಿಂದಲೇ ಓಡಿದಳು.

ಅಮ್ಮ ಪ್ರಫುಲ್ಲಾ ಅಡುಗೆಮನೆಯಲ್ಲಿ ತಿಂಡಿಯ ಬುಟ್ಟಿಗೆ ಎಳ್ಳುಂಡೆ ಕಟ್ಟುತ್ತಿದ್ದರು. ಕುಸುಮ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಅಮ್ಮನ ಕೈಯಲ್ಲಿದ್ದ ಉಂಡೆ ಒಡೆಯಿತು. ಆದರೂ ಅಮ್ಮ ಹೇಳಿದ್ದು ಆ ಮನೆಯಲ್ಲಿ ಎಲ್ಲರೂ ಎಲ್ಲದಕ್ಕೂ ಹೇಳುವ ಮಾತನ್ನೇ: ಮಾವನಿಗೆ ಹೇಳು.

ಮಾವ ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಕುಸುಮ ಹೇಳಿದ್ದನ್ನು ಕೇಳಿದರು. ಬಾಯಿ ಮುಕ್ಕಳಿಸಿದರು.

"ಕಾಗದದಲ್ಲಿ ಉಂಟಾ?"

"ಕಾಗದದಲ್ಲಿ ಶುಕ್ರವಾರ ಅಂತ ಉಂಟು ಮಾವ. ಆದರೆ ಅವರು ಶುಕ್ರವಾರ ರಾತ್ರಿ ಅಂತ ಹೇಳುವುದು..."

"ಶುಕ್ರವಾರ ಎಂದರೆ ಶುಕ್ರವಾರ. ರಾತ್ರಿ ಎಂದರೆ ರಾತ್ರಿ. ಇದರಲ್ಲಿ ನಿನಗೆ ಅರ್ಥವಾಗದ್ದು ಎಂತ?"

ಒಮ್ಮೆ ಮೊಯಿದಿನಬ್ಬರ ಮನೆಯಲ್ಲಿ ಕೇಳಿಸುವುದು ಒಳ್ಳೆಯದಲ್ಲವಾ ಎಂದು ಅಮ್ಮ ಬಾಗಿಲಿನ ಮರೆಯಿಂದ ಮೆಲ್ಲಗೆ ಹೇಳಿದರು. ಮಾವನಿಗೆ ಅದು ಸರಿಬರಲಿಲ್ಲ. ಇವತ್ತು ಯಾವ ವಾರ ಎಂದು ಕೇಳಲು ಪಟೇಲರ ಮನೆಯವರು ಊರೂರು ತಿರುಗುವುದಾ? ನಾಳೆ ಜನ ಏನು ಹೇಳಿಯಾರು? ಇಷ್ಟು ಹೇಳಿ ಅವರು ಆರಾಮಕುರ್ಚಿಯಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿದರು. ಒಂದರಿಂದ ಮೂರರವರೆಗೆ ಅವರು ನಿದ್ರೆ ಮಾಡುವ ಸಮಯ. ಅದನ್ನು ಗೋಡೆಗೆ ಅಂಟಿಸುವ ಅಗತ್ಯವೂ ಇರಲಿಲ್ಲ, ಊರಿಗೆಲ್ಲ ಕೇಳಿಸುತ್ತಿತ್ತು.

ಕುಸುಮ ಗೊರಕೆಯ ಮುಂದೆ ನಿಂತಳು. ಗೋಡೆಯ ಮೇಲೆ ಅವಳದೇ ಅಕ್ಷರ ಅವಳನ್ನು ನೋಡುತ್ತಿತ್ತು. ಗುಂಡಗೆ, ಚಂದಕ್ಕೆ, ತಪ್ಪಾಗಿ.

ಕಾಗದದಲ್ಲಿ ಉಂಟಾ?

ಅವಳು ಶಾಲೆಯ ಚೀಲದಿಂದ ರಬ್ಬರ್ ತಂದಳು. ಪೆನ್ಸಿಲು ತಂದಳು. ಬೆಂಚಿನ ಮೇಲೆ ಹತ್ತಿದಳು.

'ವಾರ'ವನ್ನು ಮುಟ್ಟುವ ಕೆಲಸವಿರಲಿಲ್ಲ. 'ಶುಕ್ರ' ಮಾತ್ರ ಹೋಗಬೇಕಿತ್ತು. ಒಂದೊಂದು ಸಲ ಉಜ್ಜುವಾಗಲೂ ಅವಳು ಮಾವನ ಗೊರಕೆಗೆ ಸರಿಯಾಗಿ ಉಜ್ಜಿದಳು. ಗೊರಕೆ ನಿಂತರೆ ಕೈ ನಿಲ್ಲಿಸಿದಳು. ಆಮೇಲೆ ಆ ಜಾಗದಲ್ಲಿ, ಸೋಮವಾರ ಬರೆದಷ್ಟೇ ಗುಂಡಗೆ, 'ಗುರು' ಎಂದು ಬರೆದಳು.

ಕೆಳಗೆ ಇಳಿದು, ಕೈಕಟ್ಟಿ ನಿಂತು, ಶಾಲೆಯಲ್ಲಿ ಪಾಠ ಓದುವ ಹಾಗೆ ಗಟ್ಟಿಯಾಗಿ ಓದಿದಳು.

"ಗುರುವಾರ. ಹತ್ತು ಮುಕ್ಕಾಲು, ಮನೆಯಿಂದ ಹೊರಡುವುದು."

ಗೊರಕೆ ತುಂಡಾಯಿತು.

"ಎಂತ ಓದಿದೆ?"

"ಕಾಗದದಲ್ಲಿ ಇದ್ದದ್ದನ್ನು ಓದಿದೆ ಮಾವ."

ಮಾವ ಎದ್ದರು. ಕನ್ನಡಕ ಹುಡುಕಿ ಹಾಕಿದರು. ಹಾಳೆಯ ಹತ್ತಿರ ಹೋದರು. ಅಷ್ಟರಲ್ಲಿ ಅಮ್ಮನಿಂದ ವಿಷಯ ತಿಳಿದು, ಹೋಲ್ಡಾಲು ಎತ್ತಿಕೊಂಡು ಒಳಗೆ ಬಂದಿದ್ದ ಚಿಕ್ಕಮ್ಮನೂ ಹಾಳೆ ನೋಡಿದಳು. ಬೆಂಚಿನ ಕೆಳಗೆ ರಬ್ಬರಿನ ಕಪ್ಪು ಪುಡಿ ಉದುರಿತ್ತು. ಚಿಕ್ಕಮ್ಮ ಅದನ್ನು ನೋಡಿದಳು. ಕುಸುಮಳನ್ನು ನೋಡಿದಳು. ಒಂದು ಹೆಜ್ಜೆ ಮುಂದೆ ಬಂದು, ಆ ಪುಡಿಯ ಮೇಲೆ ಪಾದ ಇಟ್ಟು ನಿಂತಳು.

"ಹೌದಣ್ಣ, ಗುರುವಾರ ಅಂತಲೇ ಉಂಟು," ಎಂದಳು. "ನಾವೇ ಸರಿಯಾಗಿ ನೋಡಲಿಲ್ಲ."

ಒಂದು ವರ್ಷದಲ್ಲಿ ಅವಳು ಅಣ್ಣನ ಮುಂದೆ ಇಷ್ಟು ಉದ್ದದ ಮಾತು ಆಡಿದ್ದು ಕುಸುಮಳಿಗೆ ನೆನಪಿರಲಿಲ್ಲ.

ಮಾವ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಒಂದು ಪದ ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ಆಮೇಲೆ ತಿರುಗಿ ನಿಂತರು.

"ನಾನು ಹೇಳಿದ್ದು ಗುರುವಾರವೇ. ಈ ಮನೆಯಲ್ಲಿ ಯಾರಿಗಾದರೂ ಕಿವಿ ಉಂಟಾ? ಮೂರು ಗಂಟೆ ತಡವಾಗಿದೆ, ಎಲ್ಲರೂ ನಿಂತು ನನ್ನ ಮುಖ ನೋಡ್ತೀರಿ."

*

ಆ ಮೇಲೆ ಟೈಂಟೇಬಲ್‌ನಲ್ಲಿ ಇಲ್ಲದ್ದೆಲ್ಲ ನಡೆಯಿತು. ಉಳಿದ ಎಳ್ಳುಂಡೆ ಕಟ್ಟದೆ ಪುಡಿಯಾಗಿಯೇ ಬುಟ್ಟಿಗೆ ಬಿತ್ತು. ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟಲು ಹಗ್ಗ ಸಿಗದೆ ಮಾವ ಜನಿವಾರದಂತೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಟಾರ್ಚಿನ ದಾರವನ್ನೇ ಬಿಚ್ಚಲಾಯಿತು. ಟ್ರಂಕನ್ನು ಚಿನ್ನಯ್ಯ ಹೊತ್ತ. ಸತ್ತವನೆಂದು ಕಾಗದದಲ್ಲಿದ್ದರೂ ಅವನ ಭುಜ ಗಟ್ಟಿಯಾಗಿತ್ತು.

ಚಿಕ್ಕಮ್ಮ ಅಂಗಳ ದಾಟುವಾಗ ಬೂದಿಯ ಕೋಣೆಯ ಮುಂದೆ ನಿಲ್ಲಲಿಲ್ಲ. ಸುತ್ತು ಹಾಕಿ ಹೋದಳು, ಅಷ್ಟೆ.

ಪಾಣೆಮಂಗಳೂರಿನಲ್ಲಿ ನಾಲ್ಕರ ಬಸ್ಸು ಇನ್ನೂ ಬಂದಿರಲಿಲ್ಲ. ಬಂಟ್ವಾಳ ಪೇಟೆಯಿಂದ ಅದೇ ಆಗ ಬಂದಿಳಿದಿದ್ದ ಮೊಯಿದಿನಬ್ಬ ಅಂಗಡಿಯ ಬೀಗ ತೆಗೆಯುತ್ತಿದ್ದರು. ಇವರನ್ನು ನೋಡಿದವರ ಕೈಯಿಂದ ಬೀಗದ ಕೈ ಕೆಳಗೆ ಬಿತ್ತು.

"ಎಂತ ಶೆಟ್ರೇ, ಈಗ ಹೊರಟದ್ದಾ? ನೀವು ಬೆಳಿಗ್ಗೆಯೇ ಹೋಗಿದ್ದೀರಿ ಅಂತ ನಾನು ಗ್ರಹಿಸಿದೆ. ದೋಣಿ ಇವತ್ತು ಎಂಟಕ್ಕೆ ಬಿಡ್ತದೆ."

"ಗೊತ್ತುಂಟು ಸಾಯ್ಬೇ," ಎಂದರು ಮಾವ. "ಎಲ್ಲ ಟೈಂಟೇಬಲ್ ಪ್ರಕಾರ."

ಐದೂವರೆಗೆ ಬಸ್ಸು ಬಂತು. ಮಾವ ಮತ್ತು ಚಿಕ್ಕಮ್ಮ ಹತ್ತಿದರು. ಕಂಡಕ್ಟರ್ ಟ್ರಂಕನ್ನು ಮೇಲೆ ಎಸೆದ. ಅಮ್ಮ ಕಿಟಕಿಯಿಂದ ಚಿಕ್ಕಮ್ಮನ ಕೈ ಹಿಡಿದು, ಉಪ್ಪಿನಕಾಯಿ ಬಿಸಿಲಿಗೆ ಇಡು, ಕಾಗದ ಬರೆ, ನೀರು ಕುದಿಸಿ ಕುಡಿ ಎಂದು ಒಂದರ ಮೇಲೊಂದು ಹೇಳಿದರು. ಹೇಳಬೇಕಾದ್ದು ಬೇರೆ ಏನೋ ಇತ್ತು ಎಂದು ಕುಸುಮಳಿಗೂ ಗೊತ್ತಾಯಿತು.

ಬಸ್ಸು ಹೊರಡುವಾಗ ಚಿಕ್ಕಮ್ಮ ಬಗ್ಗಿ ಕುಸುಮಳ ಕಿವಿಯ ಹತ್ತಿರ ಒಂದೇ ಮಾತು ಹೇಳಿದಳು.

"ನಿನ್ನ ಅಕ್ಷರ ಬಹಳ ಚಂದ ಉಂಟು."

ಬಸ್ಸು ಸೇತುವೆಯ ಮೇಲೆ ಹೋಗುವುದು ಕಾಣುತ್ತಿತ್ತು. ಆಮೇಲೆ ಧೂಳು ಮಾತ್ರ ಕಂಡಿತು.

*

ಮರುದಿನ ಮಧ್ಯಾಹ್ನ ಮಾವ ಒಬ್ಬರೇ ವಾಪಸು ಬಂದರು. ಕತೆಯನ್ನು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದರಿಂದ, ಮನೆಗೆ ಮುಟ್ಟುವಾಗ ಅದಕ್ಕೆ ಚೆನ್ನಾಗಿ ಹೊಳಪು ಬಂದಿತ್ತು.

ಬಂದರಿನ ಗಡಿಯಾರದಲ್ಲಿ ಎಂಟಕ್ಕೆ ಹತ್ತು ನಿಮಿಷವಿರುವಾಗ ಅವರು ಅಲ್ಲಿ ಮುಟ್ಟಿದರಂತೆ. ಮಾವನ ಗಡಿಯಾರದಲ್ಲಿ ಎಂಟೂ ಹತ್ತಾಗಿತ್ತು. ಹಾಗಾಗಿ ಕೊನೆಯ ಫರ್ಲಾಂಗು ಪಟೇಲರು ಪಂಚೆ ಎತ್ತಿಕೊಂಡು ಓಡಿದ್ದರು. ಆ ಭಾಗವನ್ನು ಅವರು ಹೇಳಲಿಲ್ಲ. ಅಬ್ದುಲ್ ಹಕೀಂ ಮೊಯಿದಿನಬ್ಬರಿಗೆ ಹೇಳಿ, ಮೊಯಿದಿನಬ್ಬ ರುಕಿಯಾಳಿಗೆ ಹೇಳಿ, ಕುಸುಮಳಿಗೆ ಆಮೇಲೆ ತಿಳಿಯಿತು. ದೋಣಿಯ ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರಂತೆ. ವಿನೋದಾ ಒಬ್ಬಳೇ ಹಾರಿ ಹತ್ತಿದಳಂತೆ, ಕೈ ಕೊಡಲು ಬಂದವನಿಗೆ ಉಪ್ಪಿನಕಾಯಿಯ ಭರಣಿ ಕೊಟ್ಟಳಂತೆ.

"ಮೂರರಿಂದ ಏಳು 'ವಿಶ್ರಾಂತಿ' ಅಂತ ನಾನು ಯಾಕೆ ಹಾಕಿಸಿದ್ದು?" ಎಂದು ಮಾವ ಚಾವಡಿಯಲ್ಲಿ ಕುಳಿತವರನ್ನು ಕೇಳಿದರು. "ತಡವಾದರೆ ಬೇಕಾಗ್ತದೆ ಅಂತಲೇ."

ಎಲ್ಲರೂ ತಲೆಯಾಡಿಸಿದರು. ಎರಡೇ ದಿನದಲ್ಲಿ ಟೈಂಟೇಬಲ್ ಊರಿನಲ್ಲಿ ಹೆಸರು ಮಾಡಿತು. ಜನ ಬಂದು ಅದನ್ನು ನೋಡಿ ಹೋದರು. ಮಗಳನ್ನು ಮೂಡಬಿದ್ರೆಗೆ ಕಳಿಸಬೇಕಾದವರೊಬ್ಬರು, ನಮಗೂ ಇಂಥದ್ದೊಂದು ಮಾಡಿಸಿಕೊಡಿ ಪಟೇಲರೇ ಎಂದರು. ಮೂಡಬಿದ್ರೆಗೆ ಹಡಗಿಲ್ಲ ಎಂದು ಯಾರೂ ಹೇಳಲಿಲ್ಲ.

ಕುಸುಮ ಬಾಗಿಲಿನ ಹತ್ತಿರ ನಿಂತು ಇದನ್ನೆಲ್ಲ ಕೇಳುತ್ತಿದ್ದಳು. ಕೇಳಿದಷ್ಟೂ ಅವಳ ಕಿವಿ ಬಿಸಿಯಾಗುತ್ತಿತ್ತು. ಆದಿತ್ಯವಾರ ಬೆಳಿಗ್ಗೆ ಅವಳು ಗಟ್ಟಿ ಮನಸ್ಸು ಮಾಡಿದಳು. ಹೇಳಿಬಿಡಬೇಕು. 'ಗುರು' ಬರೆದದ್ದು ನಾನು ಎಂದು ಇಡೀ ಚಾವಡಿಯ ಎದುರು ಹೇಳಬೇಕು. ಬೈದರೆ ಬೈಯಲಿ.

ರಬ್ಬರನ್ನು ಸಾಕ್ಷಿಗೆ ಕೈಯಲ್ಲಿ ಹಿಡಿದುಕೊಂಡು ಅವಳು ಅಂಗಳದ ಮೆಟ್ಟಿಲಿನಲ್ಲಿ ಕಾದು ಕುಳಿತಳು. ಬೂದಿಯ ಕೋಣೆ ಇನ್ನೂ ಹಾಗೆಯೇ ಇತ್ತು. ಒಲೆ ಕಿಟಕಿಯ ಹತ್ತಿರ. ಕುಸುಮಳ ಉದ್ದದ ಜಾಗ ಗೋಡೆಯ ಹತ್ತಿರ. ಚಿಕ್ಕಮ್ಮ ಹೋದ ಮೇಲೆ ಯಾರೂ ಗೆರೆ ಎಳೆದಿರಲಿಲ್ಲ. ಆದರೂ ಗೋಡೆ ಎಲ್ಲಿಯೂ ಬಿದ್ದಿರಲಿಲ್ಲ. ಅದು ಯಾಕೆ ಎಂದು ಅವಳು ಯೋಚಿಸಿರಲಿಲ್ಲ.

ತೋಟದ ಕಡೆಯಿಂದ ಮಾವ ಬಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಗಡಿಯಾರ. ಕಣ್ಣೂ ಗಡಿಯಾರದ ಮೇಲೆ. ಅವರು ಯಾವಾಗಲೂ ಬರುವ ದಾರಿಯಲ್ಲಿ ನೇರಕ್ಕೆ ಬಂದರು, ಗೋಡೆಯ ಹತ್ತಿರ ಬಂದರು, ನಿಂತರು.

ಗಡಿಯಾರವನ್ನು ಕಿಸೆಗೆ ಹಾಕಿದರು. ಪಂಚೆಯನ್ನು ಸ್ವಲ್ಪ ಎತ್ತಿ ಹಿಡಿದರು. ಒಂದು ಹೆಜ್ಜೆ ಹಿಂದೆ ಸರಿದು, ಬೊಂಬಾಯಿಯ ಕೋಣೆಯ ಸುತ್ತ, ಮೂಲೆಯನ್ನೂ ಬಿಡದೆ, ಪೂರ್ತಿ ಒಂದು ಸುತ್ತು ಹಾಕಿ ಬಂದರು.

ಮೆಟ್ಟಿಲಿನಲ್ಲಿ ಕುಳಿತ ಸೊಸೆಯನ್ನು ನೋಡಿದಾಗ ಅವರ ಮುಖ ಗಂಟಾಯಿತು.

"ಎಂತ ನೋಡ್ತೀ? ಕೈಯಲ್ಲಿ ಎಂತ?"

ಕುಸುಮ ಮುಷ್ಟಿ ಬಿಗಿ ಮಾಡಿದಳು.

"ಎಂತದ್ದೂ ಇಲ್ಲ ಮಾವ."

ಮಾವ ಒಳಗೆ ಹೋದರು. ಚಾವಡಿಯಲ್ಲಿ ಕಾಯುತ್ತಿದ್ದ ಯಾರೋ ಟೈಂಟೇಬಲಿನ ಕತೆಯನ್ನು ಇನ್ನೊಮ್ಮೆ ಕೇಳಿದರು. ಮಾವ ಗಂಟಲು ಸರಿಮಾಡಿಕೊಂಡು, ನಾನು ಸೋಮವಾರವೇ ಹೇಳಿದ್ದೆ, ಗುರುವಾರ ಅಂತ, ಎಂದು ಶುರು ಮಾಡಿದರು.

ಕುಸುಮ ಎದ್ದು, ರಬ್ಬರನ್ನು ಶಾಲೆಯ ಚೀಲದ ತಳದಲ್ಲಿ, ಯಾರ ಕೈಗೂ ಸಿಗದ ಹಾಗೆ ಇಟ್ಟಳು. ಆಮೇಲೆ ಬಚ್ಚಲೊಲೆಯಿಂದ ಒಂದು ಬೊಗಸೆ ಬೂದಿ ತಂದು, ಬಾಗಿಲಿನಿಂದ ಒಳಗೆ ಹೋಗಿ, ಗೆರೆ ಮಸುಕಾದಲ್ಲೆಲ್ಲ ತುಂಬತೊಡಗಿದಳು.